ಬಿರುದು ಹೊತ್ತವರ ಭಾರ

ಕಾಲ್ಪನಿಕ ಲೋಕದ ನೈಟ್‌ಗಳಿಗೆ ಅಡ್ಡಹೆಸರು ಬರುವ ಬಗೆಯನ್ನು ಕುಮ್ಮಟದುರ್ಗದ ವೀರನ ಕತೆ ಇನ್ನಷ್ಟು ಚೆನ್ನಾಗಿ ಹೇಳುತ್ತದೆ

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಕಾದಂಬರಿ ಸರಣಿಯಲ್ಲಿ ದಾವೋಸ್ ಸೀವರ್ತ್ ಎಂಬ ಕಳ್ಳಸಾಗಣೆಯವನಿದ್ದಾನೆ. ಮುತ್ತಿಗೆಗೆ ಸಿಕ್ಕ ಕೋಟೆಯೊಳಗೆ ಜನ ಹಸಿವಿನಿಂದ ಸಾಯುತ್ತಿದ್ದಾಗ ಅವನು ರಾತ್ರಿ ಹಡಗು ನಡೆಸಿ ಉಳ್ಳಾಗಡ್ಡಿ, ಉಪ್ಪುಮೀನು ತಂದುಕೊಡುತ್ತಾನೆ. ಕೋಟೆ ಕಾಯುತ್ತಿದ್ದ ಸ್ಟ್ಯಾನಿಸ್ ಆ ಉಪಕಾರಕ್ಕೆ ಅವನಿಗೆ ನೈಟ್ ಪದವಿ ಕೊಡುತ್ತಾನೆ, ಹಳೆಯ ಕಳ್ಳಸಾಗಣೆಗೆ ಶಿಕ್ಷೆಯಾಗಿ ನಾಲ್ಕು ಬೆರಳುಗಳ ತುದಿಯನ್ನೂ ಕತ್ತರಿಸುತ್ತಾನೆ. ಅಂದಿನಿಂದ ದಾವೋಸ್ ‘ಉಳ್ಳಾಗಡ್ಡಿ ನೈಟ್’. ದೊಡ್ಡ ಮನೆತನದವರು ಹಂಗಿಸಲೆಂದೇ ಹಾಗೆ ಕರೆಯುತ್ತಾರೆ. ಅವನು ನಾಚಿಕೊಳ್ಳುವುದಿಲ್ಲ, ತನ್ನ ಲಾಂಛನದಲ್ಲೇ ಉಳ್ಳಾಗಡ್ಡಿ ಬರೆಸಿಕೊಳ್ಳುತ್ತಾನೆ.

ಒಳ್ಳೆಯ ಫ್ಯಾಂಟಸಿ ಕಾದಂಬರಿಗಳಲ್ಲಿ ಅಡ್ಡಹೆಸರು ಹೀಗೆ ಹುಟ್ಟುತ್ತದೆ. ಒಂದು ದಿನ, ಒಂದು ಕೆಲಸ, ಅದನ್ನು ಕಂಡ ನಾಲ್ಕು ಮಂದಿ ಇರಬೇಕು. ಅದೇ ಸರಣಿಯ ಬ್ಯಾರಿಸ್ಟನ್ ಸೆಲ್ಮಿ ಹತ್ತನೇ ವಯಸ್ಸಿಗೇ ಎರವಲು ಕವಚ ತೊಟ್ಟು ಪಂದ್ಯದ ಅಂಗಳಕ್ಕಿಳಿದು ‘ಎದೆಗಾರ’ ಅನ್ನಿಸಿಕೊಂಡ. ಟೋಲ್ಕಿನ್ ಅವರ ಥೋರಿನ್ ಕಾಳಗದಲ್ಲಿ ಗುರಾಣಿ ಮುರಿದಾಗ ಓಕ್ ಮರದ ಕೊಂಬೆಯನ್ನೇ ಗುರಾಣಿ ಮಾಡಿಕೊಂಡು ‘ಓಕನ್‌ಶೀಲ್ಡ್’ ಆದ. ಜೇಮಿ ಲ್ಯಾನಿಸ್ಟರ್‌ನದು ತಿರುಗುಮುರುಗು. ಊರು ಸುಡಹೊರಟಿದ್ದ ಹುಚ್ಚು ದೊರೆಯನ್ನು ಕೊಂದು ಸಾವಿರಾರು ಜೀವ ಉಳಿಸಿದರೂ ಅವನಿಗೆ ಸಿಕ್ಕಿದ್ದು ‘ರಾಜಹಂತಕ’ ಎಂಬ ಕಳಂಕ.

ಈ ಪುಸ್ತಕಗಳನ್ನು ನಮ್ಮ ಹುಡುಗರು ಮುಗಿಬಿದ್ದು ಓದುತ್ತಾರೆ, ಇವುಗಳ ಟಿವಿ ಸರಣಿಗಳನ್ನು ನೋಡುತ್ತಾರೆ. ಅವರಿಗೆ ಹೇಳಬೇಕಾದ ಮಾತೊಂದಿದೆ. ಶ್ರೀರಾಮನಗರದ ಭತ್ತದ ಗದ್ದೆಗಳಿರುವ ಇದೇ ಗಂಗಾವತಿ ಸೀಮೆಯಲ್ಲಿ, ಜಬ್ಬಲಗುಡ್ಡದ ಬಳಿ, ಬಂಡೆಗಳ ನಡುವೆ ಕುಮ್ಮಟದುರ್ಗವಿದೆ. ಅಲ್ಲಿಯ ವೀರನೊಬ್ಬನ ಬಿರುದು ಈ ಎಲ್ಲ ನೈಟ್‌ಗಳ ಹೆಸರಿಗಿಂತ ದುಬಾರಿಯಾದದ್ದು.

ಒಂದೊಂದು ಕಾಳಗಕ್ಕೆ ಒಂದೊಂದು ಹೆಸರು

ಕನ್ನಡ ನಾಡಿನಲ್ಲಿ ಬಿರುದು ಬಾಯಿಮಾತಿನ ಅಲಂಕಾರವಾಗಿರಲಿಲ್ಲ, ಅದಕ್ಕೆ ಲೆಕ್ಕವಿತ್ತು. ಹರ್ಷವರ್ಧನನನ್ನು ಸೋಲಿಸಿದ ಮೇಲೆ ಇಮ್ಮಡಿ ಪುಲಕೇಶಿಗೆ ‘ಪರಮೇಶ್ವರ’ ಎಂಬ ಎರಡನೆಯ ಹೆಸರು ಬಂತೆಂದು ಚಾಲುಕ್ಯ ಶಾಸನಗಳು ಹೇಳುತ್ತವೆ. 642ರಲ್ಲಿ ಬಾದಾಮಿಯನ್ನು ಗೆದ್ದ ಪಲ್ಲವ ನರಸಿಂಹವರ್ಮ ‘ವಾತಾಪಿಕೊಂಡ’ನಾದ.

ಈ ಲೆಕ್ಕವನ್ನು ಅತ್ಯಂತ ಅಚ್ಚುಕಟ್ಟಾಗಿ ಇಟ್ಟವನು ಗಂಗರ ದಂಡನಾಯಕ ಚಾವುಂಡರಾಯ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಇವನು 978ರಲ್ಲಿ ಬರೆದ ‘ಚಾವುಂಡರಾಯ ಪುರಾಣ’ದಲ್ಲಿ ಯಾವ ಬಿರುದು ಯಾವ ಕಾಳಗದಲ್ಲಿ ಬಂತೆಂಬ ವಿವರವಿದೆ. ಖೇಡಗದ ಕಾಳಗದಲ್ಲಿ ವಜ್ಜಲದೇವನನ್ನು ಸೋಲಿಸಿದ್ದಕ್ಕೆ ‘ಸಮರಧುರಂಧರ’. ನೊಳಂಬರ ಮೇಲಿನ ಯುದ್ಧದಲ್ಲಿ ಗೋನೂರು ಬಯಲಲ್ಲಿ ತೋರಿದ ಶೌರ್ಯಕ್ಕೆ ‘ವೀರಮಾರ್ತಂಡ’. ಉಚ್ಚಂಗಿ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದಿದ್ದಕ್ಕೆ ‘ರಣರಂಗಸಿಂಗ’. ಆ ಉಚ್ಚಂಗಿದುರ್ಗ ಇವತ್ತಿಗೂ ಹರಪನಹಳ್ಳಿ ಸೀಮೆಯಲ್ಲಿ ನಿಂತಿದೆ.

ಇವುಗಳಲ್ಲಿ ಮನಸ್ಸು ಹಿಡಿದಿಡುವ ಹೆಸರು ‘ಸಮರಪರಶುರಾಮ’. ಚಾವುಂಡರಾಯನ ತಮ್ಮ ನಾಗವರ್ಮನನ್ನು ಮುದುರಾಚಯ್ಯ ಎಂಬವನು ಕೊಂದಿದ್ದ. ಅಣ್ಣ ಅವನನ್ನು ಬೆನ್ನಟ್ಟಿ ಕೊಂದು ಸೇಡು ತೀರಿಸಿಕೊಂಡ. ಪರಶುರಾಮ ಕೊಡಲಿ ಎತ್ತಿದ್ದು ತಂದೆಯ ಕೊಲೆಗೆ, ಇವನು ಕತ್ತಿ ಹಿರಿದದ್ದು ತಮ್ಮನ ಕೊಲೆಗೆ. ಹೊಗಳಿಕೆಯಂತೆ ಕೇಳಿಸುವ ಹೆಸರಿನೊಳಗೆ ಒಂದು ಮನೆಯ ಸಂಕಟ ಅಡಗಿದೆ. ಅದೇ ಪಟ್ಟಿಯಲ್ಲಿ ‘ಸತ್ಯಯುಧಿಷ್ಠಿರ’ ಎಂಬ ಹೆಸರೂ ಇದೆ. ತಮಾಷೆಗೂ ಸುಳ್ಳಾಡದವನೆಂದು ಬಂದ ಬಿರುದು ಅದು. ಕತ್ತಿಯಿಂದ ಗಳಿಸಿದ ಹೆಸರಿನ ಪಕ್ಕದಲ್ಲೇ ನಾಲಿಗೆಯಿಂದ ಗಳಿಸಿದ ಹೆಸರಿಗೂ ಸಮನಾದ ಜಾಗ ಸಿಕ್ಕಿದೆ.

ಕೆಲವೊಮ್ಮೆ ಬಿರುದು ಮೂಲ ಹೆಸರನ್ನೇ ನುಂಗಿಬಿಡುತ್ತಿತ್ತು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಸಾಮ್ರಾಟ ಅಶೋಕನ ಶಾಸನಗಳಿವೆ. ಅವನು ತನ್ನ ಶಾಸನಗಳಲ್ಲಿ ಸಾಮಾನ್ಯವಾಗಿ ಹೇಳಿಕೊಳ್ಳುವುದು ‘ದೇವಾನಾಂಪ್ರಿಯ’ ಎಂಬ ಬಿರುದನ್ನು. ಈ ದೇವಾನಾಂಪ್ರಿಯನೇ ಅಶೋಕ ಎಂಬುದು ಖಚಿತವಾದದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಎರಡೂ ಹೆಸರಿರುವ ಶಾಸನ ಸಿಕ್ಕಾಗ.

ಬಿರುದಿಗೆ ಸವಾಲು ಹಾಕುವವರಿದ್ದರು

ಬಿರುದು ಹೊತ್ತವನು ನೆಮ್ಮದಿಯಿಂದ ಕೂರುವಂತಿರಲಿಲ್ಲ. ‘ಈ ಬಿರುದು ನಿನಗೆ ಹೇಗೆ ಬಂತು’ ಎಂದು ಕೆಣಕುವವರು ಇದ್ದೇ ಇರುತ್ತಿದ್ದರು. ಹಾಗೆ ಕೇಳುವವರನ್ನೂ ಗೆದ್ದವನು ‘ಬಿರುದೆಂತೆಂಬರ ಗಂಡ’. ಮೈಸೂರು ಒಡೆಯರ ಬಿರುದಾವಳಿಯಲ್ಲಿ ಈ ಹೆಸರಿದೆ. ಆನೆಗೊಂದಿಯ ಎದುರು ದಡದಲ್ಲಿ ರಾಜ್ಯ ಕಟ್ಟಿದ ವಿಜಯನಗರದ ಅರಸರು ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂದು ಕರೆಸಿಕೊಂಡರು. ಕೊಟ್ಟ ಮಾತಿಗೆ ತಪ್ಪುವ ದೊರೆಗಳನ್ನು ಶಿಕ್ಷಿಸುವವನು ಎಂದು ಸಾರಿಕೊಂಡ ಮೇಲೆ ತಾನು ಮಾತಿಗೆ ತಪ್ಪುವಂತಿಲ್ಲ. ಬಿರುದು ಅಂದರೆ ಊರೆಲ್ಲ ಕೇಳಿಸಿಕೊಂಡ ಆಣೆ.

ಆ ಆಣೆ ಎಲ್ಲಿಯತನಕ ಹೋಗುತ್ತಿತ್ತು ಎಂಬುದನ್ನು ನೋಡಬೇಕಾದರೆ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಅಂಗಳಕ್ಕೆ ಹೋಗಬೇಕು. ಅಲ್ಲಿ ಕುವರಲಕ್ಷ್ಮನ ಕಂಬವಿದೆ. ಇವನು ಇಮ್ಮಡಿ ಬಲ್ಲಾಳನ ದಂಡನಾಯಕ, ದೊರೆಯ ‘ಗರುಡ’. ಒಡೆಯನ ಜತೆಗೇ ಪ್ರಾಣ ಬಿಡುವೆನೆಂದು ವ್ರತ ತೊಟ್ಟವರಿಗೆ ಆ ಹೆಸರು. ಬಲ್ಲಾಳ ತೀರಿದಾಗ ಕುವರಲಕ್ಷ್ಮ, ಅವನ ಹೆಂಡತಿ, ಸಂಗಡದ ವೀರರು ಮಾತು ಉಳಿಸಿಕೊಂಡರು. ಕಂಬದ ಸುತ್ತ ಕೆತ್ತಿದ ಪುಟ್ಟ ಆಕೃತಿಗಳಲ್ಲಿ ವೀರರು ತಮ್ಮ ಅಂಗಗಳನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ, ಕತ್ತಿಗೆ ತಲೆ ಒಡ್ಡುತ್ತಿದ್ದಾರೆ. ನೋಡಿದರೆ ಮೈ ಜುಮ್ಮೆನ್ನುತ್ತದೆ.

ಕುಮ್ಮಟದ ರಾಮ

ಈಗ ನಮ್ಮ ಗುಡ್ಡಕ್ಕೆ ಬರೋಣ. 14ನೇ ಶತಮಾನದ ಮೊದಲ ಭಾಗದಲ್ಲಿ ಕುಮ್ಮಟದಿಂದ ಆಳಿದವನು ಕಂಪಿಲರಾಯ. ಅವನ ಮಗ ರಾಮನಾಥ ಜನರ ಬಾಯಲ್ಲಿ ಗಂಡುಗಲಿ ಕುಮಾರರಾಮನಾದ. ಅವನಿಗೆ ಅಂಟಿದ ದೊಡ್ಡ ಬಿರುದು ‘ಪರನಾರಿ ಸೋದರ’. ನಂಜುಂಡ ಕವಿ 16ನೇ ಶತಮಾನದಲ್ಲಿ ಸಾಂಗತ್ಯದಲ್ಲಿ ಬರೆದ ಕುಮಾರರಾಮನ ಕತೆ, ಗಂಗನ ಸಾಂಗತ್ಯ, ಬಯಲಾಟ, ಹಾಡುಗಳು ಎಲ್ಲವೂ ಈ ಬಿರುದಿನ ಸುತ್ತಲೇ ತಿರುಗುತ್ತವೆ.

ಕತೆಯಲ್ಲಿ ರಾಮನ ಆಟದ ಚೆಂಡು ತಂದೆಯ ಕಿರಿಯ ಹೆಂಡತಿ ರತ್ನಾಜಿಯ ಅರಮನೆಗೆ ಹೋಗಿ ಬೀಳುತ್ತದೆ. ಚೆಂಡು ಕೇಳಲು ಹೋದವನ ಮೇಲೆ ಆಕೆ ಮನಸ್ಸಿಡುತ್ತಾಳೆ. ಅವನು ತಾಯಿಯೆಂದು ಕೈಮುಗಿದು ಹೊರಡುತ್ತಾನೆ. ಸಿಟ್ಟಿಗೆದ್ದ ರತ್ನಾಜಿ ಗಂಡನ ಮುಂದೆ ದೂರು ಹೇಳುತ್ತಾಳೆ. ಕಂಪಿಲರಾಯ ವಿಚಾರಿಸದೆ ಮಗನ ತಲೆ ತರಲು ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ಜಾಣತನದಿಂದ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೊಂದು ತಲೆ ತೋರಿಸುತ್ತಾನೆ. ಮುಂದೆ ದಿಲ್ಲಿಯ ದಂಡು ಬಂದು ರಾಜ್ಯ ಅಳಿವಿನಂಚಿಗೆ ಬಂದಾಗ, ಸತ್ತನೆಂದು ಎಲ್ಲರೂ ಅತ್ತಿದ್ದ ರಾಮ ಹೊರಬಂದು ಕಾದಿ ಮಡಿಯುತ್ತಾನೆ.

ಚರಿತ್ರೆಯ ದಾರಿ ತುಸು ಬೇರೆ. ಮಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗರ್ಷಾಸ್ಪ್ ಕಂಪಿಲರಾಯನ ಆಸರೆ ಬೇಡಿ ಬಂದ. ದಿಲ್ಲಿಯ ದೊಡ್ಡ ಸೈನ್ಯ ಬೆನ್ನಟ್ಟಿ ಬಂದರೂ ಕಂಪಿಲ ಅವನನ್ನು ಹಿಡಿದುಕೊಡಲಿಲ್ಲ. ಕೊನೆಗಾಲ ಹತ್ತಿರವಾದಾಗ ಅತಿಥಿಯನ್ನು ನೆರೆಯ ದೊರೆಯ ಬಳಿಗೆ ಸಾಗಹಾಕಿದ. ಕೋಟೆಯ ಹೆಂಗಸರು ಬೆಂಕಿಗೆ ಹಾರಿದರು. ಕಂಪಿಲ ಕಾದಿ ಸತ್ತ. ಇದು ಪ್ರವಾಸಿ ಇಬ್ನ್ ಬತೂತ ಬರೆದಿಟ್ಟ ಮಾತು. ನಡೆದದ್ದು 1327ರ ಸುಮಾರಿಗೆ. ನಮ್ಮ ಶಾಸನಗಳಲ್ಲಿ ‘ಶರಣಾಗತ ವಜ್ರಪಂಜರ’ ಎಂಬ ಬಿರುದು ಹಲವರಿಗಿದೆ: ಮೊರೆಹೊಕ್ಕವರಿಗೆ ವಜ್ರದ ಪಂಜರದಂತೆ ಕಾವಲಾದವನು. ಆ ಬಿರುದಿಗೆ ತಕ್ಕಂತೆ ನಡೆದು ರಾಜ್ಯವನ್ನೇ ತೆತ್ತವನು ಕಂಪಿಲರಾಯ.

ತಂದೆ ಮಗ ಇಬ್ಬರನ್ನೂ ಜೊತೆಗಿಟ್ಟು ನೋಡಿದರೆ ಕುಮ್ಮಟದ ಹೆಚ್ಚುಗಾರಿಕೆ ತಿಳಿಯುತ್ತದೆ. ಒಬ್ಬ ಆಸರೆ ಬೇಡಿದವನನ್ನು ಬಿಟ್ಟುಕೊಡಲಿಲ್ಲ, ಇನ್ನೊಬ್ಬ ತನ್ನತ್ತ ಚಾಚಿದ ಕೈಯನ್ನು ಮುಟ್ಟಲಿಲ್ಲ. ರಾಮ ಊರು ಗೆದ್ದ ಕತೆಗಳೂ ಇವೆ, ಆದರೆ ಜನ ಅವನನ್ನು ಆ ಗೆಲುವುಗಳಿಂದ ಕರೆಯಲಿಲ್ಲ. ಅವನು ಮಾಡದೆ ಬಿಟ್ಟ ಒಂದು ಕೆಲಸದಿಂದ ಕರೆದರು. ಮಲೆನಾಡಿನ ಹಳ್ಳಿಗಳಲ್ಲಿ ಅವನ ಮರದ ತಲೆಯನ್ನಿಟ್ಟು ಪೂಜಿಸುತ್ತಾರೆ. ರಾಜ್ಯ ಕಳೆದುಕೊಂಡ ರಾಜಕುಮಾರನೊಬ್ಬ ದೇವರಾದದ್ದು ಆ ಬಿರುದಿನಿಂದ.

ಬರೆಯುವ ಹುಡುಗರಿಗೆ

ಹೆಸರು ಕೊಡುವ ಈ ಪದ್ಧತಿ ಇನ್ನೂ ಜೀವಂತವಾಗಿದೆ. ಗರಡಿಯ ಪೈಲ್ವಾನರು ‘ಕರ್ನಾಟಕ ಕೇಸರಿ’, ‘ದಸರಾ ಕಂಠೀರವ’ ಎಂಬ ಬಿರುದಿಗಾಗಿ ಇವತ್ತೂ ಮಣ್ಣಿನಲ್ಲಿ ಹೊರಳುತ್ತಾರೆ. ನಮ್ಮ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಮನೆಹೆಸರಿನ ಕುಟುಂಬಗಳಿವೆ; ಪ್ರತಿ ಹೆಸರಿನ ಹಿಂದೆಯೂ ಯಾರೋ ಹಿರಿಯರು ಮಾಡಿದ ಕೆಲಸವೋ ವ್ಯಾಪಾರವೋ ಇರುತ್ತದೆ.

ಫ್ಯಾಂಟಸಿ ಬರೆಯುವ ಆಸೆಯಿರುವ ಕನ್ನಡದ ತರುಣ ತರುಣಿಯರಲ್ಲಿ ಒಂದು ವಿನಂತಿ. ನಿಮ್ಮ ವೀರನಿಗೆ ಮೊದಲ ಪುಟದಲ್ಲೇ ಗಡುಸಾದ ಹೆಸರಿಟ್ಟು ಕೂರಬೇಡಿ. ಅವನು ಏನಾದರೂ ಮಾಡಲಿ, ಮಾಡಬಾರದ್ದನ್ನು ಬಿಡಲಿ, ಅದನ್ನು ಕಂಡವರು ಕರೆಯಲಿ, ಕರೆದ ಹೆಸರಿಗೆ ಅವನು ಬೆಲೆ ತೆರಲಿ. ಅದಕ್ಕೆ ಬೇಕಾದ ಸಾಮಗ್ರಿ ನಮ್ಮ ವೀರಗಲ್ಲುಗಳಲ್ಲಿ, ಶಾಸನ ಸಂಪುಟಗಳಲ್ಲಿ, ಸಾಂಗತ್ಯಗಳಲ್ಲಿ ರಾಶಿಬಿದ್ದಿದೆ. ಗಂಗಾವತಿ ಕಡೆಯವರಾದರೆ ಒಂದು ಭಾನುವಾರ ನೀರಿನ ಬಾಟಲಿ, ಬುತ್ತಿ ಕಟ್ಟಿಕೊಂಡು ಕುಮ್ಮಟದುರ್ಗ ಹತ್ತಿ ಬನ್ನಿ. ಬಂಡೆಗಳ ಮೇಲೆ ನಿಮ್ಮ ಹೆಸರು ಮಾತ್ರ ಗೀಚಬೇಡಿ. ಅಲ್ಲಿ ಹೆಸರು ಉಳಿಸಿದವರು ಅದಕ್ಕೆ ಪ್ರಾಣ ಕೊಟ್ಟಿದ್ದಾರೆ.