ಗಾಜಿನೊಳಗೆ ಮೊದಲೇ ಇಳಿದಿದ್ದ ನಕ್ಷತ್ರ

1892ರ ಫೆಬ್ರುವರಿ 1. ಎಡಿನ್‌ಬರ್ಗ್‌ನ ರಾಯಲ್ ವೀಕ್ಷಣಾಲಯಕ್ಕೆ ಒಂದು ಪೋಸ್ಟ್‌ಕಾರ್ಡು ಬಂತು. ಬರೆದವರ ಹೆಸರಿಲ್ಲ. ವಿಜಯಸಾರಥಿ ಪುಂಜದಲ್ಲಿ, ಆಕಾಶಗಂಗೆಯ ಮಸುಕು ಹರವಿನೊಳಗೆ, ಹೊಸ ನಕ್ಷತ್ರವೊಂದಿದೆ. ಇಂಥ ಕಡೆ ನೋಡಿ. ಇಷ್ಟೇ ಒಕ್ಕಣೆ. ಅಲ್ಲಿನ ಮುಖ್ಯಸ್ಥ ರಾಲ್ಫ್ ಕೋಪ್‌ಲೆಂಡ್ ನೋಡಿದರು. ಇತ್ತು! ಹೇಳಿದ ಜಾಗದಲ್ಲೇ ಇತ್ತು!

ಕಾರ್ಡು ಹಾಕಿದವರು ಅದೇ ಊರಿನ ಹವ್ಯಾಸಿ ಥಾಮಸ್ ಆಂಡರ್ಸನ್. ಅವರ ಬಳಿಯಿದ್ದದ್ದು ಜೇಬಿನಲ್ಲಿ ಹಿಡಿಯುವ ದುರ್ಬೀನು, ಒಂದು ನಕ್ಷತ್ರಪಟ. ಜನವರಿ 24ರ ನಸುಕಿನಲ್ಲೇ ಅದು ಅವರ ಕಣ್ಣಿಗೆ ಬಿದ್ದಿತ್ತಂತೆ. ಅಲ್ಲೇ ಹತ್ತಿರದ ಹಳೆಯ ನಕ್ಷತ್ರ ಇರಬೇಕೆಂದು ಬಿಟ್ಟುಬಿಟ್ಟಿದ್ದರು. ವಾರ ಕಳೆದ ಮೇಲೆ ಪಟ ಬಿಚ್ಚಿ ತಾಳೆ ನೋಡಿದರೆ, ಆ ಜಾಗ ಖಾಲಿ!

ಆದರೆ ನನಗೆ ಮೈ ಜುಮ್ಮೆನ್ನುವುದು ಇದರ ಮುಂದಿನ ಕಥೆಗೆ. ಸುದ್ದಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯ ಮುಟ್ಟಿತು. ಅಲ್ಲಿ ಎಡ್ವರ್ಡ್ ಪಿಕರಿಂಗ್ ಆಕಾಶವನ್ನು ರಾತ್ರಿ ರಾತ್ರಿ ಗಾಜಿನ ಫಲಕಗಳಲ್ಲಿ ಸೆರೆಹಿಡಿಸಿ ಕೂಡಿಡುತ್ತಿದ್ದರು. ವಿಲಿಯಮಿನಾ ಫ್ಲೆಮಿಂಗ್ ಮತ್ತು ಅವರ ಜೊತೆಗಾತಿಯರು ಹಗಲೆಲ್ಲ ಅವನ್ನು ಓದುತ್ತಿದ್ದರು. ಹಳೆಯ ಫಲಕಗಳನ್ನು ತೆಗೆದರು. ನವೆಂಬರ್ 2ರವರೆಗಿನವುಗಳಲ್ಲಿ ಏನೂ ಇಲ್ಲ. ಡಿಸೆಂಬರ್ 10ರದ್ದರಲ್ಲಿ ಇದೆ! ಅಲ್ಲಿಂದ ಜನವರಿ 20ರ ತನಕ ಹದಿಮೂರು ಫಲಕಗಳಲ್ಲಿ ಇದೆ! ಭೂಮಿಯ ಮೇಲೆ ಒಬ್ಬರಿಗೂ ಗೊತ್ತಿಲ್ಲದ ನಕ್ಷತ್ರ ಹದಿಮೂರು ಸಲ ಬಂದು ತನ್ನ ಗುರುತು ಬಿಟ್ಟು ಹೋಗಿತ್ತು.

ಆ ಗುರುತಿನಿಂದ ಬೆಳಕನ್ನು ಅಳೆಯುವುದು ಹೇಗೆ? ಫಲಕವನ್ನು ಬೆಳಕಿಗೆ ಒಡ್ಡಿ ಭೂತಗನ್ನಡಿ ಹಿಡಿಯಿರಿ. ಆಕಾಶ ಇಲ್ಲಿ ತಿರುವುಮುರುವು: ತಿಳಿಯಾದ ಗಾಜಿನ ಮೇಲೆ, ಚೆಲ್ಲಿದ ಸಾಸಿವೆಯ ಹಾಗೆ, ಕಪ್ಪು ನಕ್ಷತ್ರಗಳು. ಬೆಳಕು ಹೆಚ್ಚಿದ್ದಷ್ಟೂ ಚುಕ್ಕೆ ದಪ್ಪ, ಕಡು. ಈಗ ಹೊಸ ಚುಕ್ಕೆಯ ಸುತ್ತ ಕಾಂತಿಮಾನ ಗೊತ್ತಿರುವ ನೆರೆಯವರನ್ನು ಹುಡುಕಬೇಕು. ಇದಕ್ಕಿಂತ ಒಂದು ಕೂದಲು ದಪ್ಪ, ಅದಕ್ಕಿಂತ ಎರಡು ಕೂದಲು ಸಣ್ಣ ಎಂದು ಕಣ್ಣಳತೆಯಲ್ಲೇ ತೂಗುತ್ತ ಹೋದರೆ ದಶಾಂಶದ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಪಳಗಿದ ಕಣ್ಣೇ ತಕ್ಕಡಿ!

ಹಾಗೆ ಬಂದ ಅಂಕಿ ನೋಡಿ. ಡಿಸೆಂಬರ್ 10ಕ್ಕೆ 5.4, ಡಿಸೆಂಬರ್ 20ಕ್ಕೆ 4.4. ಕಾಂತಿಮಾನದಲ್ಲಿ ಅಂಕಿ ಇಳಿದರೆ ಬೆಳಕು ಏರಿತೆಂದೇ ಅರ್ಥ. ಒಂದು ಅಂಕಿಗೆ ಸುಮಾರು ಎರಡೂವರೆ ಪಟ್ಟು. ಅತ್ತ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮ್ಯಾಕ್ಸ್ ವೋಲ್ಫ್ ಡಿಸೆಂಬರ್ 8ರಂದು ತೆಗೆದ ಫಲಕದಲ್ಲಿ 9ನೇ ಕಾಂತಿಮಾನದವರೆಗೂ ಅದರ ಸುಳಿವಿಲ್ಲ. ಅಂದರೆ ಎರಡೇ ದಿನದಲ್ಲಿ ಕನಿಷ್ಠ ಇಪ್ಪತ್ತೇಳು ಪಟ್ಟು ಉರಿದೆದ್ದಿದೆ! ಎರಡು ಖಂಡಗಳ ಎರಡು ಗಾಜಿನ ತುಂಡುಗಳು ಸೇರಿ ಸ್ಫೋಟದ ತಾರೀಖನ್ನೇ ಹಿಡಿದುಕೊಟ್ಟವು.

ಮಾರ್ಚ್‌ನಲ್ಲಿ ಅದು ಸರಸರನೆ ಕಂದಿತು. ಏಪ್ರಿಲ್ ಕೊನೆಗೆ ಲಿಕ್ ವೀಕ್ಷಣಾಲಯದ ದೊಡ್ಡ ದೂರದರ್ಶಕಕ್ಕೂ ಕಾಣುವುದು ಕಷ್ಟವಾಯಿತು. ಆಮೇಲೆ ಆಗಸ್ಟ್‌ನಲ್ಲಿ ಯಾರೂ ಎಣಿಸದಂತೆ ಮತ್ತೆ 10ನೇ ಕಾಂತಿಮಾನಕ್ಕೆ ಏರಿತು, ಈ ಸಲ ಸುತ್ತ ಮಂಜು ಹೊದ್ದುಕೊಂಡು!

ಇವತ್ತು ಅದರ ಹೆಸರು ಟಿ ಆರಿಗೇ. ಅಲ್ಲಿರುವುದು ಒಂದಲ್ಲ, ಜೋಡಿ. ಶ್ವೇತಕುಬ್ಜವೊಂದು ಸಂಗಾತಿಯಿಂದ ಹೈಡ್ರೋಜನ್ ಎಳೆದು ಮೈಮೇಲೆ ಪೇರಿಸಿಕೊಳ್ಳುತ್ತದೆ. ಒತ್ತಡ, ಕಾವು ಮಿತಿಮೀರಿದಾಗ ಆ ಹೊದಿಕೆ ಒಮ್ಮೆಲೇ ಬೈಜಿಕ ಉರಿಗೆ ಸಿಕ್ಕಿ ಸಿಡಿಯುತ್ತದೆ. ಜೋಡಿ ಮಾತ್ರ ಉಳಿಯುತ್ತದೆ. ಜನವರಿಯ ಸಂಜೆ ನಮ್ಮ ನೆತ್ತಿಯ ಕಡೆ ಬರುವ ಅಗ್ನಿ ನಕ್ಷತ್ರವನ್ನು ಗುರುತಿಸಿ, ಅಲ್ಲಿಂದ ಚಾಚಿದ ಕೈಯ ಹೆಬ್ಬೆರಳಿನಗಲ ಈಶಾನ್ಯಕ್ಕೆ ನೋಡಿ. ಬರಿಗಣ್ಣಿಗೆ ಏನೂ ಕಾಣದು. ಆ ಕತ್ತಲಲ್ಲೇ ಅವೆರಡೂ ಸುತ್ತುತ್ತಿವೆ, ಐದು ಗಂಟೆಗೆ ತುಸು ಮೊದಲೇ ಒಂದು ಸುತ್ತು ಮುಗಿಸಿ, ಪ್ರತಿ ಸುತ್ತಿಗೂ ಒಮ್ಮೆ ಗ್ರಹಣ ಹಿಡಿಸಿಕೊಂಡು.