ಒಂಬತ್ತು ಹಳ್ಳಿಗಳ ಉಮುವೋಫಿಯ ಒಡೆದದ್ದು ಹೇಗೆ?



ವಸಾಹತುಶಾಹಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಹಡಗು, ಫಿರಂಗಿ, ಒಪ್ಪಂದಗಳು, ಗವರ್ನರುಗಳ ಹೆಸರುಗಳು, ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಇಸವಿಗಳು, ಅಲ್ಲವೆ? ಇವೆಲ್ಲ ಇತಿಹಾಸದ ಪುಸ್ತಕದಲ್ಲಿ ದೊರೆಯುತ್ತವೆ. ಆದರೆ ಒಂದು ಊರಿನ ಪಂಚಾಯಿತಿ, ಹಬ್ಬ, ತಂದೆ-ಮಗನ ಸಂಬಂಧ ಇವು ಒಳಗಿನಿಂದಲೇ ಹೇಗೆ ಸಡಿಲವಾದವು ಎಂಬುದನ್ನು ತಿಳಿಯಲು ಕಾದಂಬರಿಯ ನೆರವು ಬೇಕು. ನೈಜೀರಿಯದ ಇಗ್ಬೊ ಜನರ ವಿಷಯದಲ್ಲಿ ಆ ಕೆಲಸ ಮಾಡಿದವರು ಚಿನುವಾ ಅಚೆಬೆ. ಕಾರ್ಯಕ್ರಮ ನೋಡುವ ಮುನ್ನ ಈ ಪುಟಗಳನ್ನು ಓದಿಕೊಂಡರೆ ಅಲ್ಲಿನ ಚರ್ಚೆ ನಿಮಗೆ ಸುಲಭವಾಗುತ್ತದೆ.

ಲೇಖಕರ ಪರಿಚಯ

ಅಚೆಬೆ ಹುಟ್ಟಿದ್ದು 1930ರಲ್ಲಿ, ಆಗ್ನೇಯ ನೈಜೀರಿಯದ ಒಗಿಡಿ ಎಂಬ ಊರಿನಲ್ಲಿ. ತಂದೆ ಕ್ರೈಸ್ತ ಮಿಷನ್ನಿನ ಉಪದೇಶಕರು. ಬಂಧುಗಳಲ್ಲಿ ಹಲವರು ಹಳೆಯ ದೇವರುಗಳನ್ನೇ ಪೂಜಿಸುತ್ತಿದ್ದವರು. ಹೀಗಾಗಿ ಎರಡೂ ಕಡೆಯ ಮಾತು ಬಾಲಕನ ಕಿವಿಗೆ ಬೀಳುತ್ತಿತ್ತು. ಇಬಾದಾನ್‌ನಲ್ಲಿ ವೈದ್ಯಕೀಯ ಓದಲು ಸೇರಿದ ಅವರು ಸ್ವಲ್ಪ ಕಾಲದಲ್ಲೇ ಅದನ್ನು ಬಿಟ್ಟು ಸಾಹಿತ್ಯದ ಕಡೆ ತಿರುಗಿದರು. ಅಲ್ಲಿ ಪಠ್ಯವಾಗಿದ್ದ ಜಾಯ್ಸ್ ಕ್ಯಾರಿಯ 'ಮಿಸ್ಟರ್ ಜಾನ್ಸನ್' (1939) ಕಾದಂಬರಿಯಲ್ಲಿ ನೈಜೀರಿಯದವರನ್ನು ಚಿತ್ರಿಸಿದ್ದ ರೀತಿ ಅವರಿಗೂ ಸಹಪಾಠಿಗಳಿಗೂ ಹಿಡಿಸಲಿಲ್ಲ. ನಮ್ಮ ಕಥೆಯನ್ನು ನಾವೇ ಹೇಳಬೇಕು ಎಂಬ ನಿರ್ಧಾರಕ್ಕೆ ಇದೂ ಒಂದು ಕಾರಣ.

1954ರಲ್ಲಿ ಅವರು ನೈಜೀರಿಯದ ಬಾನುಲಿ ಸಂಸ್ಥೆಯ ಭಾಷಣ ವಿಭಾಗ ಸೇರಿದರು. ಬರೆದದ್ದನ್ನು ಕೇಳುವ ಮಾತಾಗಿ ಸಿದ್ಧಪಡಿಸುವುದು ಅಲ್ಲಿನ ಕೆಲಸ. ಪ್ರಸಾರ ಮಾಧ್ಯಮದಲ್ಲಿ ದುಡಿಯುವ ನಮ್ಮಂಥವರಿಗೆ ಇದು ಹೆಮ್ಮೆಯ ಸಂಗತಿ. 'ಥಿಂಗ್ಸ್ ಫಾಲ್ ಅಪಾರ್ಟ್' 1958ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ನೈಜೀರಿಯ ಸ್ವತಂತ್ರವಾದದ್ದು ಅದಾದ ಎರಡು ವರ್ಷಕ್ಕೆ, 1960ರ ಅಕ್ಟೋಬರ್ 1ರಂದು. ಅಚೆಬೆ 2013ರಲ್ಲಿ ತೀರಿಕೊಂಡರು.

ರಾಜನಿಲ್ಲದ ನಾಡು

ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳ ಆಸುಪಾಸಿನಲ್ಲಿ, ಒಂಬತ್ತು ಹಳ್ಳಿಗಳ ಕೂಟವಾದ ಉಮುವೋಫಿಯದಲ್ಲಿ. ಅಲ್ಲಿ ರಾಜನಿಲ್ಲ, ಪೊಲೀಸರಿಲ್ಲ, ಜೈಲಿಲ್ಲ. ಹಾಗೆಂದು ಅರಾಜಕತೆಯೂ ಇಲ್ಲ. ದುಡಿದು ಬಿರುದು ಪಡೆದವರಿಗೆ ಮಾನ್ಯತೆ. ಊರಿಗೆ ಸಂಬಂಧಪಟ್ಟ ದೊಡ್ಡ ವಿಚಾರಗಳಿಗೆ ಗಂಡಸರೆಲ್ಲ ಸೇರುವ ಬಯಲ ಸಭೆ. ಭೂದೇವಿಯಾದ ಆನಿಯ ಕಟ್ಟಳೆ. ನಾಲ್ಕು ದಿನಗಳ ವಾರ. ನಮ್ಮ ಹೆಗ್ಗೆಣಸಿನ ಕುಲಕ್ಕೇ ಸೇರಿದ 'ಯಾಮ್' ಗೆಡ್ಡೆಯ ಬೇಸಾಯ. ವ್ಯಾಜ್ಯ ತೀರಿಸಲು ಪೂರ್ವಿಕರ ವೇಷ ಧರಿಸಿದ ಒಂಬತ್ತು ಮಂದಿ ಕೂರುತ್ತಾರೆ, ಹಳ್ಳಿಗೊಬ್ಬರಂತೆ. ಹೆಂಡತಿಯನ್ನು ಹೊಡೆಯುತ್ತಿದ್ದ ಒಬ್ಬನ ಮೊಕದ್ದಮೆ ಅವರ ಮುಂದೆ ಬರುತ್ತದೆ. ಎರಡೂ ಕಡೆಯ ಮಾತು ಕೇಳಿ ಅವರು ಕೊಡುವ ತೀರ್ಪು ಏನು ಗೊತ್ತೆ? ಹೆಂಡದ ಮಡಕೆ ಹೊತ್ತುಕೊಂಡು ಮಾವನ ಮನೆಗೆ ಹೋಗಿ, ಬಾ ಎಂದು ಹೆಂಡತಿಯನ್ನು ಬೇಡಿಕೊಳ್ಳಬೇಕು! ಇಲ್ಲಿ ಶಿಕ್ಷೆಗಿಂತ ರಾಜಿ ಮುಖ್ಯ.

ಆದರೆ ಅಚೆಬೆ ಹಳೆಯದನ್ನು ಸ್ವರ್ಗವೆಂದು ಚಿತ್ರಿಸುವುದಿಲ್ಲ. ಅವಳಿ ಮಕ್ಕಳು ಹುಟ್ಟಿದರೆ ಕಾಡಿಗೆ ಎಸೆಯುತ್ತಿದ್ದರು. 'ಓಸು' ಎಂದು ಕರೆಸಿಕೊಂಡ, ದೇವರಿಗೆ ಮೀಸಲಾದ ಜನರನ್ನು ಮುಟ್ಟದೆ ದೂರವಿಡುತ್ತಿದ್ದರು. ಕಥಾನಾಯಕ ಒಕೊಂಕ್ವೊನ ಮನೆಯಲ್ಲಿ ಇಕೆಮೆಫುನ ಎಂಬ ಪರ ಊರಿನ ಹುಡುಗ ಮೂರು ವರ್ಷ ಮಗನಂತೆ ಬೆಳೆಯುತ್ತಾನೆ. ದೈವವಾಣಿಯ ಅಪ್ಪಣೆಯಂತೆ ಅವನನ್ನು ಕೊಲ್ಲಬೇಕಾಗುತ್ತದೆ. ಹೇಡಿಯೆನಿಸಿಕೊಳ್ಳುವ ಭಯದಿಂದ ಒಕೊಂಕ್ವೊ ತಾನೇ ಕತ್ತಿ ಬೀಸುತ್ತಾನೆ. ಆ ದಿನ ಅವನ ಸ್ವಂತ ಮಗ ನ್ವೋಯೆಯ ಎದೆಯೊಳಗೆ ಏನೋ ಮುರಿಯುತ್ತದೆ. ಆಗಿನ್ನೂ ಒಬ್ಬ ಬಿಳಿಯನೂ ಆ ಊರಿಗೆ ಕಾಲಿಟ್ಟಿಲ್ಲ ಎಂಬುದನ್ನು ಗಮನಿಸಿ.

ಬಿರುಕಿನೊಳಗೆ ಬಂದವರು

ಆಕಸ್ಮಿಕವಾಗಿ ಬಂದೂಕು ಸಿಡಿದು ಒಬ್ಬ ಹುಡುಗ ಸತ್ತದ್ದರಿಂದ ಒಕೊಂಕ್ವೊ ಏಳು ವರ್ಷ ತಾಯಿಯ ಊರಾದ ಎಂಬಾಂಟದಲ್ಲಿ ದೇಶಭ್ರಷ್ಟನಾಗಿ ಇರಬೇಕಾಗುತ್ತದೆ. ಮಿಷನರಿಗಳು ಬರುವುದು ಆಗಲೇ. ಚರ್ಚಿಗೆ ಜಾಗ ಕೇಳಿದಾಗ ಊರಿನವರು ಜಾಣತನದಿಂದ 'ಕೆಟ್ಟ ಕಾಡ'ನ್ನು ತೋರಿಸುತ್ತಾರೆ. ನಾಲ್ಕು ದಿನದಲ್ಲಿ ಸಾಯುತ್ತಾರೆಂದು ಕಾಯುತ್ತಾರೆ. ಯಾರೂ ಸಾಯುವುದಿಲ್ಲ. ದೇವರುಗಳು ಹೆಚ್ಚೆಂದರೆ ಇಪ್ಪತ್ತೆಂಟು ದಿನ ತಾಳುತ್ತಾರೆ ಎನ್ನುತ್ತಾರೆ. ಅದೂ ಕಳೆಯುತ್ತದೆ. ವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ ಊರಿನವರು ತಾವೇ ಒಂದು ಪ್ರಯೋಗ ಹೂಡಿದ್ದರು. ಫಲಿತಾಂಶ ಅವರ ನಂಬಿಕೆಗೆ ವಿರುದ್ಧವಾಗಿ ಬಂತು.

ಮೊದಲು ಚರ್ಚಿಗೆ ಹೋದವರು ಯಾರು? ಊರಿನಲ್ಲಿ ಬೆಲೆಯಿಲ್ಲದವರು, ಓಸುಗಳು, ನಾಲ್ಕು ಬಾರಿ ಅವಳಿ ಹೆತ್ತು ನಾಲ್ಕು ಬಾರಿಯೂ ಮಕ್ಕಳನ್ನು ಕಳೆದುಕೊಂಡ ಒಬ್ಬ ಬಸುರಿ, ಮತ್ತು ನ್ವೋಯೆ. ಊರು ಯಾರ ನೋವಿಗೆ ಉತ್ತರ ಕೊಟ್ಟಿರಲಿಲ್ಲವೋ ಅವರೇ ಹೊಸ ಬಾಗಿಲಿನತ್ತ ನಡೆದರು. ಶಾಲೆ ಕಲಿತವನಿಗೆ ಗುಮಾಸ್ತನ ಕೆಲಸ ಸಿಕ್ಕಿತು. ತಾಳೆ ಎಣ್ಣೆಗೆ ಒಳ್ಳೆಯ ಬೆಲೆ ಬಂತು. ಬ್ರಿಟನ್ನಿನ ಸಾಬೂನು ಕಾರ್ಖಾನೆಗಳಿಗೂ ಯಂತ್ರಗಳ ಕೀಲೆಣ್ಣೆಗೂ ಅದು ಬೇಕಾಗಿತ್ತು. ಹೊಸ ಆಡಳಿತವನ್ನು ದ್ವೇಷಿಸುವವರ ಮನೆಗೂ ಹಣ ಹರಿಯತೊಡಗಿತು.

ಕೋರ್ಟು ಮತ್ತು ಕೋವಿ

ಧರ್ಮದ ಬೆನ್ನ ಹಿಂದೆಯೇ ಸರ್ಕಾರ ಬಂತು. ಕಾದಂಬರಿಯಲ್ಲಿ ಅಬಾಮೆ ಎಂಬ ಊರಿನವರು ಸೈಕಲ್ಲಿನಲ್ಲಿ ಬಂದ ಬಿಳಿಯನನ್ನು ಕೊಂದು, ಆ 'ಕಬ್ಬಿಣದ ಕುದುರೆ' ಓಡಿಹೋಗದಂತೆ ಮರಕ್ಕೆ ಕಟ್ಟಿಹಾಕುತ್ತಾರೆ. ಮುಂದೊಂದು ಸಂತೆಯ ದಿನ ಸೈನಿಕರು ಊರನ್ನು ಸುತ್ತುವರಿದು ಜನರನ್ನು ಕೊಲ್ಲುತ್ತಾರೆ. ಇದು ಕಟ್ಟುಕಥೆಯಷ್ಟೇ ಅಲ್ಲ. 1905ರಲ್ಲಿ ಅಹಿಯಾರಾ ಪ್ರದೇಶದಲ್ಲಿ ಸೈಕಲ್ಲಿನಲ್ಲಿ ಹೊರಟಿದ್ದ ಸ್ಟೂವರ್ಟ್ ಎಂಬ ಬ್ರಿಟಿಷ್ ವೈದ್ಯನ ಕೊಲೆಯಾಯಿತು. ಅದರ ಬೆನ್ನಿಗೇ ಸೇನೆ ಆ ಸೀಮೆಯ ಮೇಲೆ ದಂಡೆತ್ತಿ ಹೋಯಿತು.

ಉಮುವೋಫಿಯದಲ್ಲಿ ಈಗ ಜಿಲ್ಲಾಧಿಕಾರಿ ತೀರ್ಪು ಕೊಡುತ್ತಾನೆ. ಅವನಿಗೆ ಇಗ್ಬೊ ಭಾಷೆ ಬಾರದು. ಒಂದು ಜಮೀನಿನ ತಗಾದೆಯಲ್ಲಿ ಕೋರ್ಟಿನ ಜವಾನರಿಗೂ ದುಭಾಷಿಗೂ ಹಣ ಕೊಟ್ಟವರ ಕಡೆಗೇ ಜಮೀನು ಹೋಗುತ್ತದೆ. ಮೊದಲಿನ ಹೆಂಡದ ಮಡಕೆಯ ತೀರ್ಪನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಾತಿಗೆ ಕರೆಸಿಕೊಂಡ ಆರು ಮಂದಿ ಮುಖಂಡರ ಕೈಗೆ ಅಧಿಕಾರಿ ಕೋಳ ತೊಡಿಸುತ್ತಾನೆ. ದಂಡ ಇನ್ನೂರು ಚೀಲ ಕವಡೆ. ಜವಾನರು ಊರಿಗೆ ಹೋಗಿ ಹೇಳುವುದು ಇನ್ನೂರೈವತ್ತು!

ಬಿಡುಗಡೆಯಾದ ಮರುದಿನದ ಸಭೆಯಲ್ಲಿ ಒಕೊಂಕ್ವೊ ಜವಾನನೊಬ್ಬನನ್ನು ಕಡಿದು ಹಾಕುತ್ತಾನೆ. ಜನ ಅವನ ಹಿಂದೆ ಏಳುವುದಿಲ್ಲ. ಉಳಿದ ಜವಾನರು ತಪ್ಪಿಸಿಕೊಂಡು ಹೋಗುತ್ತಾರೆ. ಅವನು ನೇಣು ಹಾಕಿಕೊಳ್ಳುತ್ತಾನೆ. ಆತ್ಮಹತ್ಯೆ ಭೂದೇವಿಗೆ ಅಪಚಾರವಾದ್ದರಿಂದ ಸ್ವಂತ ಕುಲದವರು ಅವನ ಹೆಣ ಮುಟ್ಟುವಂತಿಲ್ಲ. ಸಂಪ್ರದಾಯಕ್ಕಾಗಿ ಹೋರಾಡಿದವನನ್ನು ಸಂಪ್ರದಾಯವೇ ಹೊರಗಿಡುತ್ತದೆ. ತಾನು ಬರೆಯಲಿರುವ ಪುಸ್ತಕದಲ್ಲಿ ಇವನ ಬಗ್ಗೆ ಒಂದು ಪ್ಯಾರಾ ಹಾಕಬಹುದೆಂದು ಜಿಲ್ಲಾಧಿಕಾರಿ ಲೆಕ್ಕ ಹಾಕುತ್ತಾನೆ. ನಾವು ಇಡೀ ಕಾದಂಬರಿಯಲ್ಲಿ ಓದಿದ ಬದುಕಿಗೆ ಅವನ ಪುಸ್ತಕದಲ್ಲಿ ಸಿಗುವ ಜಾಗ ಅಷ್ಟೇ.

ಹಬ್ಬ ನಿಂತಾಗ

'ಆರೋ ಆಫ್ ಗಾಡ್' (1964) ಮುಂದಿನ ಹಂತವನ್ನು ತೋರಿಸುತ್ತದೆ. ರಾಜರಿಲ್ಲದ ಇಗ್ಬೊ ನಾಡಿನಲ್ಲಿ ಬ್ರಿಟಿಷರು ಸನ್ನದು ಕೊಟ್ಟು 'ವಾರಂಟ್ ಮುಖ್ಯಸ್ಥ'ರನ್ನು ನೇಮಿಸಿದರು. ಉಲು ದೇವರ ಅರ್ಚಕ ಎಜೆಉಲು ಅಂಥ ಪದವಿ ಬೇಡವೆಂದು ಬಂಧನಕ್ಕೊಳಗಾಗುತ್ತಾನೆ. ಅಮಾವಾಸ್ಯೆ ಕಳೆದು ಹೊಸ ಚಂದ್ರ ಕಂಡಾಗಲೆಲ್ಲ ಒಂದು ಪವಿತ್ರ ಗೆಡ್ಡೆಯನ್ನು ತಿಂದು ಕಾಲ ಎಣಿಸುವುದು ಅವನ ಹೊಣೆ. ಬಂಧನದಲ್ಲಿದ್ದಾಗ ಎರಡು ಚಂದ್ರ ಲೆಕ್ಕ ತಪ್ಪುತ್ತವೆ. ಊರಿಗೆ ಮರಳಿದ ಮೇಲೆ ಅವನು ಎರಡನ್ನೂ ಒಟ್ಟಿಗೆ ತಿನ್ನಲು ಒಪ್ಪುವುದಿಲ್ಲ, ಕೊಯ್ಲಿನ ಹಬ್ಬವನ್ನು ಸಾರುವುದಿಲ್ಲ. ಬೆಳೆ ನೆಲದಲ್ಲೇ ಕೊಳೆಯುತ್ತದೆ. ಚರ್ಚಿಗೆ ಕಾಣಿಕೆ ಕೊಟ್ಟು ಕೊಯ್ಲು ಮಾಡಿ ಎಂದು ಮಿಷನ್ನಿನವರು ಕರೆದಾಗ ಹಸಿದ ಜನ ಹೋಗುತ್ತಾರೆ. ಆಕಾಶದ ಲೆಕ್ಕಕ್ಕೂ ಕಚೇರಿಯ ಲೆಕ್ಕಕ್ಕೂ ನಡುವೆ ಒಂದು ಸಮಾಜ ಸಿಕ್ಕಿಕೊಂಡದ್ದು ಹೀಗೆ.

ವಾರಂಟ್ ಪದ್ಧತಿಯ ಕೊನೆಯನ್ನು ಇತಿಹಾಸ ಹೇಳುತ್ತದೆ. 1929ರ ಕೊನೆಯಲ್ಲಿ ಹೆಂಗಸರಿಗೂ ತೆರಿಗೆ ಬೀಳಲಿದೆ ಎಂಬ ಸುದ್ದಿ ಹಬ್ಬಿ ಸಾವಿರಾರು ಮಹಿಳೆಯರು ಬೀದಿಗಿಳಿದರು. ಗುಂಡೇಟಿಗೆ 50ಕ್ಕೂ ಹೆಚ್ಚು ಮಂದಿ ಬಲಿಯಾದರು. ಅನಂತರ ಸರ್ಕಾರ ಆ ಪದ್ಧತಿಯನ್ನು ಕೈಬಿಡಬೇಕಾಯಿತು. ಅಚೆಬೆಯವರ ಆರಂಭದ ಕಾದಂಬರಿಗಳಲ್ಲಿ ಹೆಂಗಸರ ದನಿ ಕ್ಷೀಣವೆಂಬ ಆಕ್ಷೇಪವಿದೆ. ಆ ಕೊರತೆ ತುಂಬಿಕೊಳ್ಳಲು ಇಗ್ಬೊ ಲೇಖಕಿ ಬುಚಿ ಎಮೆಚೆಟಾ ಅವರ 'ದಿ ಜಾಯ್ಸ್ ಆಫ್ ಮದರ್‌ಹುಡ್' (1979) ಓದಬಹುದು.

ನೀವೇ ಚರ್ಚಿಸಿ

1. ಊರು ಒಡೆಯಲು ಕಾರಣ ಹೊರಗಿನ ಕೋವಿಯೆ, ಒಳಗಿನ ಬಿರುಕೆ? ಎರಡೂ ಎನ್ನುವುದಾದರೆ, ಬಿರುಕು ಇತ್ತೆಂಬ ಮಾತ್ರಕ್ಕೆ ಕೋವಿ ಹಿಡಿದವನ ಹೊಣೆ ಕಡಿಮೆಯಾಗುತ್ತದೆಯೆ?

2. ಓಸುಗಳಿಗೂ ಅವಳಿ ಹೆತ್ತ ತಾಯಿಗೂ ಊರು ತಾನಾಗಿಯೇ ನ್ಯಾಯ ಕೊಟ್ಟಿದ್ದರೆ ಕಥೆ ಹೇಗೆ ಸಾಗುತ್ತಿತ್ತು?

3. ನ್ವೋಯೆಯ ಸ್ಥಾನದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

ಉತ್ತರವನ್ನು ಒಂದು ಪ್ಯಾರಾದಲ್ಲಿ ಮುಗಿಸಬೇಡಿ.