ಅಣಬೆಯೂ ಶರೀರದ ರೋಗನಿರೋಧಕ ಶಕ್ತಿಯೂ

ಮಳೆ ಬಿದ್ದು ನೆಲವು ತಣಿದೊಡನೆ ಹುತ್ತಗಳ ಮೇಲೆಯೂ ತಿಪ್ಪೆಗಳ ಬದಿಯಲ್ಲಿಯೂ ಅಣಬೆಗಳೇಳುವುದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ರೈತರೆಲ್ಲರೂ ಬಲ್ಲರು. ಇವುಗಳಲ್ಲಿ ಕೆಲವು ಆಹಾರ, ಕೆಲವು ವಿಷ. ಅಣಬೆಯ ಪುಡಿಯು ಸಕಲ ರೋಗಗಳನ್ನೂ ತಡೆಯುವುದೆಂದು ಹೇಳಿ ಮಾರುವವರೂ ಉಂಟು. ಆದಕಾರಣ ಇದರಲ್ಲಿ ನಿಜವೆಷ್ಟೆಂಬುದನ್ನು ಹಿಡುವಳಿದಾರರೂ ಊರ ಗೌಡರೂ ತಿಳಿದಿರುವುದು ಅವಶ್ಯಕವು.

ಅಣಬೆಯು ಗಿಡವಲ್ಲ, ಅದು ಬೂಷ್ಟಿನ ಕುಲಕ್ಕೆ ಸೇರಿದ ಶಿಲೀಂಧ್ರವು. ಅದರ ಕಣಗಳ ಗೋಡೆಯಲ್ಲಿ ಬೀಟಾ ಗ್ಲೂಕಾನ್ ಎಂಬ ಪದಾರ್ಥವಿರುವುದು. ರೋಗವನ್ನುಂಟುಮಾಡುವ ಶಿಲೀಂಧ್ರಗಳಲ್ಲಿಯೂ ಇದೇ ಪದಾರ್ಥವುಂಟು. ಆದ್ದರಿಂದ ಶರೀರದ ಕಾವಲುಗಾರರಾದ ರಕ್ತದ ಬಿಳಿಯ ಕಣಗಳು ಇದನ್ನು ಗುರುತಿಸಿ, ಶತ್ರು ಬಂದನೆಂದು ಎಚ್ಚರಗೊಳ್ಳುವುವು. ಪ್ರಯೋಗಶಾಲೆಗಳಲ್ಲಿಯೂ ಪ್ರಾಣಿಗಳಲ್ಲಿಯೂ ಇದು ಕಂಡುಬಂದಿದೆ. ಆದರೆ ಅಣಬೆ ತಿಂದ ಮನುಷ್ಯನಿಗೆ ರೋಗ ತಗಲದೆಂಬುದು ಸಿದ್ಧವಾಗಿಲ್ಲ.

ಜಪಾನು ದೇಶದಲ್ಲಿ ಶಿಟಾಕೆ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ಸತ್ವವನ್ನು ಜಠರದ ಅರ್ಬುದರೋಗಕ್ಕೆ ಇತರ ಔಷಧಗಳೊಡನೆ ಉಪಯೋಗಿಸಲು 1985ರಲ್ಲಿ ಅನುಮತಿಯಾಯಿತು. ಅದು ಶೋಧಿಸಿದ ಸತ್ವವು. ವೈದ್ಯರು ಸೂಜಿಯ ಮೂಲಕ ಕೊಡತಕ್ಕದ್ದು. ಇದರಿಂದ ಪುಡಿಯನ್ನು ನುಂಗಿದರೂ ಅದೇ ಗುಣವಾಗುವುದೆಂದು ಊಹಿಸುವುದು ತಪ್ಪು. ಚೀನ ದೇಶದವರು ಬಹುಕಾಲದಿಂದ ಔಷಧವೆಂದು ಮನ್ನಿಸಿರುವ ಗ್ಯಾನೋಡರ್ಮಾ ಕುಲದ ಅಣಬೆಯೇ ಮಲೆನಾಡಿನ ಅಡಿಕೆ ಮರಗಳಿಗೆ ಅಣಬೆ ರೋಗವನ್ನು ತರುವುದು. ಅದರ ಪುಡಿಯನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದ ನಿದರ್ಶನಗಳೂ ಉಂಟು. ಕ್ಷಯ ಮೊದಲಾದ ರೋಗಗಳಿಗೆ ವೈದ್ಯರು ಕೊಟ್ಟ ಔಷಧವನ್ನು ಬಿಟ್ಟು ಇಂಥ ಪುಡಿಯನ್ನು ನಂಬಿದರೆ ಪ್ರಾಣಕ್ಕೇ ಅಪಾಯವು.

ಕಾಡು ಅಣಬೆಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಬೇಕು. ಬೆಳ್ಳಿಯು ಕಪ್ಪಾಗಲಿಲ್ಲ, ಹುಳು ತಿಂದಿದೆ, ಅರಿಸಿನ ಹಾಕಿ ಬೇಯಿಸಿದೆ ಎಂಬ ಪರೀಕ್ಷೆಗಳಾವುವೂ ನಂಬತಕ್ಕವಲ್ಲ. ಅತಿ ಘೋರವಾದ ವಿಷವು ತಿಂದ 6 ರಿಂದ 12 ಗಂಟೆಗಳ ತರುವಾಯವೇ ಸಾಮಾನ್ಯವಾಗಿ ತೋರುವುದು. ಅನಂತರ ವಾಂತಿಭೇದಿಗಳು ನಿಂತು ಗುಣವಾದಂತೆ ಕಂಡರೂ ಒಳಗೆ ಯಕೃತ್ತು ಕೆಡುತ್ತಿರುವುದು. ಆದುದರಿಂದ ತಡಮಾಡದೆ, ಉಳಿದ ಅಣಬೆಯ ತುಂಡನ್ನೂ ತೆಗೆದುಕೊಂಡು, ರೋಗಿಯನ್ನು ಆಸ್ಪತ್ರೆಗೆ ಒಯ್ಯತಕ್ಕದ್ದು.

ಬೆಳೆಸಿದ ಅಣಬೆಯಾದರೋ ಒಳ್ಳೆಯ ಆಹಾರವು. ಹಸಿಯ ಅಣಬೆಯ ತೂಕದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ನೀರಾದರೂ, ಒಣಗಿದ ಅಂಶದಲ್ಲಿ ಸಸಾರಜನಕವೂ ಜೀವಸತ್ವಗಳೂ ಇವೆ. ಬಿಸಿಲಿಗೆ ಒಡ್ಡಿದರೆ ಡಿ ಜೀವಸತ್ವವು ಹೆಚ್ಚುವುದು. ಶರೀರದ ಬಲಕ್ಕೆ ಇಂಥ ಆಹಾರವೇ ಆಧಾರವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ತರುವಾಯ ಗಂಗಾವತಿಯ ಸೀಮೆಯು ಭತ್ತದ ನೆಲೆಯಾಯಿತು. ಅಲ್ಲಿಯ ಹುಲ್ಲು ಇದಕ್ಕೆ ಉತ್ತಮ. ಹುಲ್ಲನ್ನು ಎರಡು ಮೂರು ಅಂಗುಲಗಳಾಗಿ ಕತ್ತರಿಸಿ, ನೆನೆಯಿಸಿ, ಸುಮಾರು 80 ಡಿಗ್ರಿ ಕಾವಿನ ನೀರಿನಲ್ಲಿ ಒಂದು ಗಂಟೆಯಿಟ್ಟು, ಬಸಿದು ಆರಿಸಬೇಕು. ಬಳಿಕ ಪ್ಲಾಸ್ಟಿಕ್ ಚೀಲದಲ್ಲಿ ಪದರ ಪದರವಾಗಿ ಚಿಪ್ಪಣಬೆಯ ಬೀಜವನ್ನು ಬೆರೆಸಿ ತುಂಬಿ, ತಂಪಾದ ಕತ್ತಲೆ ಕೋಣೆಯಲ್ಲಿಡಬೇಕು. ಎರಡು ಮೂರು ವಾರಗಳಲ್ಲಿ ಬಿಳಿಯ ನೂಲು ಹಬ್ಬುವುದು. ಆಗ ಗಾಳಿ ಬೆಳಕುಗಳನ್ನು ಕೊಟ್ಟು, ದಿನವೂ ನೀರು ಚಿಮುಕಿಸಿದರೆ ಅಣಬೆಗಳು ಮೂಡುವುವು. ಈ ಬಿಸಿಲು ಸೀಮೆಯಲ್ಲಿ ಚಳಿಗಾಲವೇ ತಕ್ಕ ಕಾಲವು. ಕುಷ್ಟಗಿ, ಯಲಬುರ್ಗಾಗಳ ಬೆದ್ದಲು ಭೂಮಿಯವರು ಮಾತ್ರ ದನಗಳ ಮೇವಿಗೆ ಬೇಕಾದ ಕಣಿಕೆಯನ್ನು ಇದಕ್ಕೆ ಬಳಸತಕ್ಕದ್ದಲ್ಲ.

ಮಳೆಗಾಲದ ಮೊದಲಿಗೆ ಊರ ಹಿರಿಯರು ಡಂಗುರ ಹೊಡೆಯಿಸಿ, ಗುರುತರಿಯದ ಅಣಬೆಯನ್ನು ಯಾರೂ ಅಡುಗೆಗೆ ತರಬಾರದೆಂದು ತಿಳಿಯಪಡಿಸುವುದು ಯೋಗ್ಯವು.